ತೊಟ್ಟಿಲ ಎತ್ತರ, ಹೊಲಿಗೆಯ ನೋವು: ಬಾಣಂತನದ ಮೊದಲ ಮೂರು ತಿಂಗಳ ಸಿದ್ಧತೆ

ಏಳನೆಯ ತಿಂಗಳಲ್ಲಿ ನಾನು ಬರೆದ ಪಟ್ಟಿಯಲ್ಲಿ ಮೂವತ್ತನಾಲ್ಕು ಸಾಮಾನುಗಳಿದ್ದವು: ಕುಲಾವಿ, ಕಾಲುಚೀಲ, ಬಾಟಲಿ, ಬಾಟಲಿ ತೊಳೆಯುವ ಬ್ರಷ್, ತಳ್ಳುಗಾಡಿ, ಹೀಗೆ. ಹೆರುವವಳ ಮೈಗೆ ಬೇಕಾದ ಒಂದು ವಸ್ತುವೂ ಅದರಲ್ಲಿ ಇರಲಿಲ್ಲವೆಂಬುದು ನನಗೆ ಹೊಳೆದದ್ದು ಹೆರಿಗೆಯಾದ ಒಂಬತ್ತನೆಯ ರಾತ್ರಿ. ಸಿಸೇರಿಯನ್ ಮುಗಿಸಿಕೊಂಡು ತವರಿಗೆ ಬಂದಿದ್ದೆ. ಅಟ್ಟದಿಂದ ಇಳಿಸಿ, ತೊಳೆದು ಒಣಗಿಸಿದ್ದ ಮರದ ತೊಟ್ಟಿಲಿನಲ್ಲಿ ಮಗು ಅಳುತ್ತಿತ್ತು. ಎತ್ತಿಕೊಳ್ಳಲು ಬಾಗಿದವಳಿಗೆ ಹೊಲಿಗೆ ಜಗ್ಗಿ, ಪೂರ್ತಿ ಬಾಗಲೂ ಆಗದೆ ನೆಟ್ಟಗಾಗಲೂ ಆಗದೆ ತೊಟ್ಟಿಲಿನ ಸರಪಳಿ ಹಿಡಿದು ನಿಂತುಬಿಟ್ಟೆ. ತೊಟ್ಟಿಲ ತಳ ನನ್ನ ಮೊಣಕಾಲಿನ ಮಟ್ಟದಲ್ಲಿತ್ತು. ಮರುದಿನ ಬೆಳಿಗ್ಗೆ ಅಪ್ಪ ಸರಪಳಿಯನ್ನು ಐದಾರು ಕೊಂಡಿಗಳಷ್ಟು ಮೇಲಕ್ಕೆ ಸಿಕ್ಕಿಸಿ ತೊಟ್ಟಿಲನ್ನು ಸೊಂಟದ ಎತ್ತರಕ್ಕೆ ತಂದ ಮೇಲೆ, ಕಾಸೂ ಖರ್ಚಿಲ್ಲದೆ ನನ್ನ ಅರ್ಧ ನೋವು ಇಳಿಯಿತು.

ಆದ್ದರಿಂದ ಮಗುವಿಗೆಂದು ಏನನ್ನು ಕೊಳ್ಳುವಾಗಲೂ, ಅದನ್ನು ಬಳಸಲು ತಾಯಿ ಎಷ್ಟು ಸಲ ಬಾಗಬೇಕು, ಎಷ್ಟು ಭಾರ ಎತ್ತಬೇಕು, ಎಷ್ಟು ನಿದ್ದೆಗೆಡಬೇಕು ಎಂದು ಮೊದಲು ಕೇಳಿಕೊಳ್ಳಿ. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಹಿಂದೆ ಕೊಡುತ್ತಿದ್ದ ಮಡಿಲು ಕಿಟ್‌ನಲ್ಲಿ ಸೊಳ್ಳೆಪರದೆ, ಮಗುವಿನ ರಬ್ಬರ್ ಹಾಸುಗಳ ಜೊತೆಗೆ ತಾಯಿಗೆ ಹೊಟ್ಟೆ ಕಟ್ಟಿಕೊಳ್ಳುವ ಬಟ್ಟೆಯೂ ಇರುತ್ತಿತ್ತು. ಅಂಗಡಿಯವರ ಪಟ್ಟಿಗಿಂತ ಆ ಚೀಲವೇ ಹೆಚ್ಚು ವಿವೇಕದ್ದೆಂದು ನನಗೆ ಈಗ ಅನ್ನಿಸುತ್ತದೆ.

ಮೈಯಲ್ಲಿ ಏನು ನಡೆಯುತ್ತದೆ ಎಂಬುದನ್ನು ತಿಳಿದರೆ ಸಿದ್ಧತೆ ಸುಲಭವಾಗುತ್ತದೆ. ಹೆರಿಗೆಯಾದ ಕೂಡಲೇ ಗರ್ಭಕೋಶದ ಮೇಲ್ತುದಿ ಹೊಕ್ಕುಳಿನ ಆಸುಪಾಸಿನಲ್ಲಿರುತ್ತದೆ. ದಿನಕ್ಕೆ ಸುಮಾರು ಒಂದು ಬೆರಳಗಲ ಇಳಿಯುತ್ತಾ, ಎರಡು ವಾರಗಳ ಹೊತ್ತಿಗೆ ಹೊಟ್ಟೆಯ ಮೇಲಿನಿಂದ ಕೈಗೆ ಸಿಗದಂತಾಗಿ, ಆರು ವಾರಗಳಲ್ಲಿ ಬಹುತೇಕ ಮೊದಲಿನ ಗಾತ್ರಕ್ಕೆ ಬರುತ್ತದೆ. ಮಗು ಹಾಲು ಕುಡಿಯುವಾಗ ಕಿಬ್ಬೊಟ್ಟೆ ಹಿಂಡಿದಂತಾಗುವುದು ಇದೇ ಕಾರಣಕ್ಕೆ: ಹಾಲು ಇಳಿಸುವ ಆಕ್ಸಿಟೋಸಿನ್ ಎಂಬ ಹಾರ್ಮೋನೇ ಗರ್ಭಕೋಶವನ್ನೂ ಕುಗ್ಗಿಸುತ್ತದೆ. ಸ್ರಾವವು ಮೊದಲು ಕೆಂಪಾಗಿದ್ದು, ಕಂದುಗೂಡಿ, ಕೊನೆಗೆ ಹಳದಿ ಮಿಶ್ರಿತ ಬಿಳಿಯಾಗಿ ನಾಲ್ಕರಿಂದ ಆರು ವಾರಗಳಲ್ಲಿ ನಿಲ್ಲುತ್ತದೆ. ಹೊಲಿಗೆಯ ಚರ್ಮ ಒಂದೆರಡು ವಾರಗಳಲ್ಲಿ ಕೂಡಿಕೊಂಡರೂ ಒಳಪದರಗಳಿಗೆ ಆರೆಂಟು ವಾರಗಳಾದರೂ ಬೇಕು. ಅಲ್ಲಿಯವರೆಗೆ ಮಗುವಿಗಿಂತ ಭಾರವಾದ ಏನನ್ನೂ, ಬಿಸಿನೀರಿನ ಬಕೆಟ್ಟನ್ನಂತೂ ಎತ್ತಬಾರದು.

ಹಾಗಾಗಿ ಪಟ್ಟಿಯನ್ನು ತಾಯಿಯಿಂದಲೇ ಆರಂಭಿಸಿ. ದೊಡ್ಡ ಅಳತೆಯ ಹೆರಿಗೆ ಪ್ಯಾಡ್‌ಗಳು, ಹೊಲಿಗೆಯ ಮೇಲೆ ಎಲಾಸ್ಟಿಕ್ ಕೂರದಂತೆ ಹೊಕ್ಕುಳಿನವರೆಗೆ ಬರುವ ಹತ್ತಿಯ ಒಳಉಡುಪು, ಮುಂದೆ ಬಿಚ್ಚುವ ನೈಟಿಗಳು, ಒಂದು ಕೈಯಲ್ಲಿ ತೆರೆಯಬಹುದಾದ ನೀರಿನ ಬಾಟಲಿ: ಇಷ್ಟು ಹಾಸಿಗೆಯ ಪಕ್ಕದಲ್ಲೇ ಇರಲಿ. ಹಳೆಯ ಮನೆಗಳಲ್ಲಿ ಕುಕ್ಕರಗಾಲಿನಲ್ಲಿ ಕೂರುವ ಶೌಚಾಲಯವೇ ಇರುವುದರಿಂದ, ಅದರ ಮೇಲೆ ಇಡುವ ನಡುವೆ ತೂತಿರುವ ಕುರ್ಚಿಯೊಂದನ್ನು ಮೊದಲೇ ತರಿಸಿಡುವುದು ಉತ್ತಮ. ಕೆಳಗೆ ಹೊಲಿಗೆ ಬಿದ್ದವರಿಗೂ ಹೊಟ್ಟೆ ಕೊಯ್ಸಿಕೊಂಡವರಿಗೂ ಅದರಷ್ಟು ಉಪಕಾರ ಮಾಡುವ ವಸ್ತು ಇನ್ನೊಂದಿಲ್ಲ, ಆದರೆ ಯಾವ ಪಟ್ಟಿಯಲ್ಲೂ ಅದರ ಹೆಸರಿರುವುದಿಲ್ಲ. ಹಾಸಿಗೆಯಿಂದ ಏಳುವಾಗ ಮಲಗಿದಲ್ಲಿಂದ ನೇರವಾಗಿ ಏಳದೆ, ಮಗ್ಗುಲಿಗೆ ಹೊರಳಿ, ಕಾಲುಗಳನ್ನು ಕೆಳಗೆ ಬಿಟ್ಟು, ಕೈಯೂರಿ ಏಳಬೇಕು.

ಹೊಟ್ಟೆ ಕಟ್ಟುವ ವಿಷಯದಲ್ಲಿ ಅಜ್ಜಿಯರ ಮಾತೂ ಜಾಹೀರಾತಿನ ಮಾತೂ ಎರಡೂ ಅರ್ಧ ಸರಿ. ಕಟ್ಟದಿದ್ದರೆ ಹೊಟ್ಟೆಗೆ ಗಾಳಿ ಸೇರುತ್ತದೆ ಎಂಬುದೂ, ಕಟ್ಟಿದರೆ ಹೊಟ್ಟೆ ಕರಗುತ್ತದೆ ಎಂಬುದೂ ನಿಜವಲ್ಲ; ಆದರೆ ಸಡಿಲವಾದ ಹೊಟ್ಟೆಯ ಗೋಡೆಗೆ ಆಸರೆ ಸಿಕ್ಕಿ ಕೆಮ್ಮುವಾಗ, ನಡೆಯುವಾಗ ನೋವು ಕಡಿಮೆಯಾಗುವುದು ನಿಜ. ಹಳೆಯ ಹತ್ತಿ ಸೀರೆಯನ್ನು ಒಂದು ಗೇಣಗಲಕ್ಕೆ ಮಡಚಿ, ಮಲಗಿಕೊಂಡೇ, ಸೊಂಟದ ಮೂಳೆಯಿಂದ ಆರಂಭಿಸಿ ಮೇಲಕ್ಕೆ ಸುತ್ತಿಸಿಕೊಳ್ಳಿ. ಬಟ್ಟೆಯೊಳಗೆ ಎರಡು ಬೆರಳು ಸಲೀಸಾಗಿ ಹೋಗುವಂತಿರಬೇಕು. ನನಗೆ ಕಟ್ಟಲು ಬರುತ್ತಿದ್ದ ಹಿರಿಯಾಕೆ ಉಸಿರು ಕಟ್ಟುವಷ್ಟು ಬಿಗಿದಾಗ, ಹಾಲೂಡಿಸಲು ಕೂತರೆ ಕೆಳಗೆ ಏನೋ ಜಾರುತ್ತಿದೆ ಅನ್ನಿಸುತ್ತಿತ್ತು. ಅತಿಬಿಗಿ ಪಟ್ಟಿಯ ಒತ್ತಡವೆಲ್ಲ ಕೆಳಗಿನ ಸೊಂಟದ ಸ್ನಾಯುಗಳ ಮೇಲೆ ಬೀಳುತ್ತದೆ ಎಂದು ಫಿಸಿಯೋಥೆರಪಿಸ್ಟ್ ವಿವರಿಸಿದರು. ಊಟ ಮಾಡುವಾಗಲೂ ಮಲಗುವಾಗಲೂ ಬಿಚ್ಚಿಡಿ. ಗಾಯ ಒದ್ದೆಯಾಗಿದ್ದರೆ ಕಟ್ಟಲೇಬೇಡಿ.

ಹೊಟ್ಟೆಗೂ ಕೆಳಗಿನ ಸೊಂಟದ ಸ್ನಾಯುಗಳಿಗೂ ನಿಜವಾಗಿ ಬಲ ತುಂಬುವುದು ವ್ಯಾಯಾಮ. ಮೂತ್ರವನ್ನೂ ಗಾಳಿಯನ್ನೂ ಒಟ್ಟಿಗೆ ತಡೆಹಿಡಿದಂತೆ ಸ್ನಾಯುಗಳನ್ನು ಒಳಕ್ಕೂ ಮೇಲಕ್ಕೂ ಎಳೆದು, ಐದು ಎಣಿಸಿ ಬಿಡಿ. ಉಸಿರು ಕಟ್ಟದೆ, ಪ್ರತಿ ಬಾರಿ ಹತ್ತರಂತೆ ದಿನಕ್ಕೆ ಮೂರು ಸಲ ಮಾಡಿ. ಸೀನಿದಾಗ ಸೀರೆ ಒದ್ದೆಯಾಗುವುದನ್ನು ನಮ್ಮಲ್ಲಿ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಳ್ಳುವುದಿಲ್ಲ, ಹೆತ್ತ ಮೇಲೆ ಇದೆಲ್ಲ ಇದ್ದದ್ದೇ ಎಂದು ನುಂಗಿಕೊಳ್ಳುತ್ತಾರೆ. ಚಿಕಿತ್ಸೆಗೆ ಬಗ್ಗುವ ತೊಂದರೆ ಅದು. ಆರು ವಾರಗಳ ಬಳಿಕ ಅಂಗಾತ ಮಲಗಿ, ಮೊಣಕಾಲು ಮಡಚಿ, ತಲೆಯನ್ನಷ್ಟೇ ಎತ್ತಿ ಹೊಕ್ಕುಳಿನ ನೇರದಲ್ಲಿ ಬೆರಳಿಟ್ಟು ನೋಡಿ. ಎರಡು ಬೆರಳಿಗಿಂತ ಅಗಲವಾದ ಹಳ್ಳ ಸಿಕ್ಕಿದರೆ ಹೊಟ್ಟೆಯ ಸ್ನಾಯುಗಳು ಇನ್ನೂ ಕೂಡಿಲ್ಲವೆಂದು ಅರ್ಥ. ಅಂಥವರು ಬೇಗ ಹೊಟ್ಟೆ ಇಳಿಸುವ ಆಸೆಗೆ ಮಲಗಿ ಏಳುವ ಬಸ್ಕಿಗಳನ್ನು ಆರಂಭಿಸದೆ ಫಿಸಿಯೋಥೆರಪಿಸ್ಟರನ್ನು ಕಾಣಬೇಕು.

ಊಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಂಟಿನುಂಡೆ, ಮೆಂತ್ಯದ ಗಂಜಿ, ಸಬ್ಬಸಿಗೆ ಸೊಪ್ಪು, ಮೆಣಸಿನ ಸಾರು ಎಲ್ಲವೂ ಒಳ್ಳೆಯವೇ. ಆದರೆ ನಂಜಾಗುತ್ತದೆಂದು ನೀರು ಕೊಡದಿರುವುದು ತಪ್ಪು. ಹಾಲೂಡಿಸುವವಳಿಗೆ ಬಾಯಾರಿಕೆ ಹೆಚ್ಚು, ನೀರು ಕಡಿಮೆಯಾದರೆ ಮಲಬದ್ಧತೆಯಾಗಿ ಹೊಲಿಗೆಗೆ ಇನ್ನಷ್ಟು ತ್ರಾಸ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕೆಂಪು ಬಣ್ಣದ ಕಬ್ಬಿಣದ ಮಾತ್ರೆಯನ್ನು ಹೆರಿಗೆಯ ನಂತರವೂ 180 ದಿನ ನುಂಗಬೇಕು. ಅದನ್ನು ಕ್ಯಾಲ್ಸಿಯಂ ಮಾತ್ರೆಯ ಜೊತೆಗಾಗಲಿ, ಕಾಫಿಯ ಜೊತೆಗಾಗಲಿ ತೆಗೆದುಕೊಂಡರೆ ಮೈಗೆ ಹತ್ತುವುದಿಲ್ಲ.

ಇನ್ನು ಮಗುವಿನ ಸಾಮಾನು. ಹಾಲಿನ ಬಾಟಲಿಯನ್ನು ಮುಂಚಿತವಾಗಿ ಕೊಂಡಿಡುವ ಅಗತ್ಯವೇ ಇಲ್ಲ. ನಮ್ಮ ದೇಶದಲ್ಲಿ 1992ರ ಕಾಯ್ದೆಯ ಪ್ರಕಾರ ಬಾಟಲಿಯ ಜಾಹೀರಾತೇ ನಿಷಿದ್ಧ. ಮೂರರಿಂದ ಐದನೆಯ ದಿನದೊಳಗೆ ಎದೆ ಕಲ್ಲಿನಂತಾದಾಗ ಹಾಲೂಡಿಸುವ ಮುಂಚೆ ಬಿಸಿ ಬಟ್ಟೆ, ಊಡಿಸಿದ ಮೇಲೆ ತಣ್ಣನೆಯ ಬಟ್ಟೆ ಇಟ್ಟುಕೊಂಡರೆ ಹಿತವಾಗುತ್ತದೆ. ಮಗು ಚೆನ್ನಾಗಿ ಚೀಪುತ್ತಿದ್ದರೆ ಪಂಪ್ ಬೇಕಾಗುವುದು ಕೆಲಸಕ್ಕೆ ಮರಳುವ ಹೊತ್ತಿಗೆ. ಹೆರಿಗೆ ರಜೆಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರಗಳ ರಜೆ ಇರುವುದರಿಂದ ಅದನ್ನು ನಾಲ್ಕನೆಯ ತಿಂಗಳಲ್ಲಿ ಕೊಂಡರೂ ತಡವಲ್ಲ. ಹಾಲೂಡಿಸುವ ವಿಶೇಷ ದಿಂಬಿಗೆ ನಾನು ಸಾವಿರದ ಐನೂರು ರೂಪಾಯಿ ಕೊಟ್ಟೆ, ಅದು ಮಾಡಿದ ಕೆಲಸವನ್ನು ಮನೆಯ ಎರಡು ಗಟ್ಟಿ ದಿಂಬುಗಳೂ ಮಾಡುತ್ತಿದ್ದವು. ಮುಖ್ಯವಾದದ್ದು ಇಷ್ಟೇ: ನೀವು ಮಗುವಿನತ್ತ ಬಗ್ಗದೆ ಮಗು ಎದೆಯ ಎತ್ತರಕ್ಕೆ ಬರಬೇಕು.

ತೊಟ್ಟಿಲಿನ ವಿಷಯಕ್ಕೆ ಮತ್ತೆ ಬಂದರೆ, ಹಾಸು ಗಟ್ಟಿಯಾಗಿ ಸಮತಟ್ಟಾಗಿರಲಿ, ಮಗು ಅಂಗಾತ ಮಲಗಲಿ, ದಿಂಬಾಗಲಿ ಗೊಂಬೆಯಾಗಲಿ ಒಳಗೆ ಬೇಡ. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬನ್ನೂ ಹೊರಗಿಡಿ. ಎಚ್ಚರವಿದ್ದಾಗ, ಎದುರಿಗೆ ಕೂತು, ಸ್ವಲ್ಪ ಹೊತ್ತು ಬೋರಲು ಮಲಗಿಸಿದರೆ ಆ ಕೆಲಸ ತಾನಾಗಿ ಆಗುತ್ತದೆ. ಸೀರೆಯ ಜೋಲಿಯಲ್ಲಿ ಮಗುವಿನ ಗದ್ದ ಎದೆಗೆ ಒತ್ತಿಕೊಂಡು ಉಸಿರಾಟಕ್ಕೆ ತೊಡಕಾಗಬಹುದಾದ್ದರಿಂದ, ಯಾರೂ ನೋಡುತ್ತಿರದ ಹೊತ್ತಿನಲ್ಲಿ ಅದರಲ್ಲಿ ಮಲಗಿಸಬಾರದು. ಏರಿಸಿ ಕಟ್ಟಿದ ತೊಟ್ಟಿಲನ್ನು ಮಗು ಮಗ್ಗುಲಾಗುವ ಮುನ್ನವೇ, ಎಂದರೆ ಮೂರನೆಯ ತಿಂಗಳ ಕೊನೆಯೊಳಗೆ, ಮರೆಯದೆ ಇಳಿಸಿ.

ನಮ್ಮಲ್ಲಿ ಮಗುವಿಗೆ ಎರೆಯುವ ಕ್ರಮ ತಾಯಿಯ ಮೈಗೆ ಭಾರಿ ಶಿಕ್ಷೆ. ಮಣೆಯ ಮೇಲೆ ಕೂತು, ಕಾಲು ನೀಡಿ, ಮೊಣಕಾಲ ಕೆಳಗೆ ಮಗುವನ್ನು ಮಲಗಿಸಿಕೊಂಡು ನೀರು ಹೊಯ್ಯುವುದನ್ನು ಮೊದಲ ಆರು ವಾರ ಅಜ್ಜಿಗೋ ಅನುಭವಿ ಹೆಂಗಸಿಗೋ ಬಿಡಿ. ಅವರಿಲ್ಲದ ಮನೆಯಲ್ಲಿ, ಗಟ್ಟಿಯಾದ ಮೇಜಿನ ಮೇಲೆ ಪ್ಲಾಸ್ಟಿಕ್ ಟಬ್ ಇಟ್ಟು, ನಿಂತುಕೊಂಡೇ ಸ್ನಾನ ಮಾಡಿಸಬಹುದು. ನೀರಿನ ಬಿಸಿಯನ್ನು ಮೊಣಕೈ ಅದ್ದಿ ನೋಡಿ, ಟಬ್ಬನ್ನು ತುಂಬುವ, ಖಾಲಿ ಮಾಡುವ ಕೆಲಸವನ್ನು ಗಂಡನಿಗೆ ವಹಿಸಿ. ಸಾಂಬ್ರಾಣಿಯ ಹೊಗೆ ಮಗುವಿನ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ತಲೆಯನ್ನು ಬಟ್ಟೆಯಿಂದಲೇ ಒರೆಸಿ ಒಣಗಿಸಿ. ಬಜೆ ತೇಯ್ದು ನೆಕ್ಕಿಸುವುದೂ ಬೇಡ. ಆರು ತಿಂಗಳವರೆಗೆ ಎದೆಹಾಲಿನ ಹೊರತು ನೀರೂ ಬೇಡವೆಂದ ಮೇಲೆ ಬಜೆ ಯಾಕೆ?

ಹಗಲಿಗೆ ಹಳೆಯ ಪಂಚೆ, ಸೀರೆಗಳಿಂದ ಹರಿದ ಲಂಗೋಟಿ, ರಾತ್ರಿಗೆ ಡೈಪರ್ ಎಂಬ ಒಪ್ಪಂದ ನಮ್ಮ ಮನೆಯಲ್ಲಿ ಎರಡು ಪೀಳಿಗೆಗಳ ಜಗಳವನ್ನು ಮುಗಿಸಿತು. ಇಡೀ ರಾತ್ರಿ ಬಟ್ಟೆ ಬದಲಿಸುವ ತಾಯಿಗೆ ನಿದ್ದೆಯಿಲ್ಲ, ನಿದ್ದೆಯಿಲ್ಲದ ಮೈ ಮಾಗುವುದಿಲ್ಲ. ಹಗಲಿನ ಲಂಗೋಟಿಯಿಂದ ಇನ್ನೊಂದು ಲಾಭವಿದೆ: ಐದನೆಯ ದಿನದಿಂದಾಚೆಗೆ ದಿನಕ್ಕೆ ಆರು ಸಲವಾದರೂ ಒದ್ದೆಯಾಗುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂಬ ಲೆಕ್ಕ ಕಣ್ಣೆದುರೇ ಸಿಗುತ್ತದೆ.

ತಳ್ಳುಗಾಡಿಯನ್ನು ಕೊಳ್ಳುವ ಮೊದಲು ನಿಮ್ಮ ಬೀದಿಯ ಕಾಲುದಾರಿಯಲ್ಲಿ ಒಮ್ಮೆ ನಡೆದು ನೋಡಿ. ಎದ್ದ ಚಪ್ಪಡಿಕಲ್ಲು, ಟ್ರಾನ್ಸ್‌ಫಾರ್ಮರು, ನಿಲ್ಲಿಸಿದ ಸ್ಕೂಟರುಗಳನ್ನು ದಾಟಿಸಲು ಗಾಡಿಯನ್ನು ಹತ್ತು ಸಲ ಎತ್ತಬೇಕಾದರೆ ಅದು ನಿಮ್ಮ ಹೊಲಿಗೆಯ ಶತ್ರು. ಎದೆಗೆ ಕಟ್ಟಿಕೊಳ್ಳುವ ಚೀಲ ನಮ್ಮ ಊರುಗಳಿಗೆ ಹೆಚ್ಚು ಸೂಕ್ತ, ಆದರೆ ಸೊಂಟದ ಪಟ್ಟಿ ಗಾಯದ ಮೇಲೆ ಬರುವುದರಿಂದ ಸಿಸೇರಿಯನ್ ಆದವರು ವೈದ್ಯರನ್ನು ಕೇಳಿ ಬಳಸಬೇಕು. ಮಗುವಿನ ಮೊಣಕಾಲು ಪೃಷ್ಠಕ್ಕಿಂತ ಮೇಲಿರಲಿ, ಮುಖ ಸದಾ ಕಾಣುತ್ತಿರಲಿ, ತಲೆ ನೀವು ಬಗ್ಗದೆ ಮುತ್ತಿಡುವಷ್ಟು ಹತ್ತಿರವಿರಲಿ. ಮುಂದೆ ಯಾರಾದರೂ ವಾಕರ್ ಉಡುಗೊರೆ ಕೊಟ್ಟರೆ ಅಟ್ಟಕ್ಕೆ ಹಾಕಿ. ಕೆನಡಾ ದೇಶದಲ್ಲಿ 2004ರಿಂದ ಅದರ ಮಾರಾಟವೇ ಇಲ್ಲ.

ಕೆಲವು ಲಕ್ಷಣಗಳಿಗೆ ಕಾಯುವುದು ಸಲ್ಲದು. ಗಂಟೆಗೊಂದು ಪ್ಯಾಡ್ ತೊಯ್ಯುವ ರಕ್ತಸ್ರಾವ, ದುರ್ವಾಸನೆ, 38 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, ಒಂದೇ ಮೀನಖಂಡದಲ್ಲಿ ಊತ ಮತ್ತು ನೋವು, ಕಣ್ಣು ಮಂಜಾಗುವ ತಲೆನೋವು, ಉಸಿರಾಟದ ತೊಂದರೆ: ಇವುಗಳಲ್ಲಿ ಯಾವುದಿದ್ದರೂ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗಿ. ಮೊದಲ ವಾರಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಸಹಜ, ಎರಡು ವಾರ ದಾಟಿದರೆ ಸಹಜವಲ್ಲ. ಹಿರಿಯರು ಬಾಣಂತಿ ಸನ್ನಿ ಎಂದು ಕರೆದು ದೂರವಿಟ್ಟ ಸ್ಥಿತಿಗೂ ಚಿಕಿತ್ಸೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಒಟ್ಟಿಗೆ ಸೇರಿಸಿಕೊಳ್ಳುವ ವಿಭಾಗವೇ ಇದೆ. ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಂದು ಬರಬೇಕು. ಆಕೆ ಮಗುವನ್ನು ತೂಗಿ ಹೊರಡುವ ಮುನ್ನ ನಿಮ್ಮ ಹೊಲಿಗೆಯನ್ನೂ ತೋರಿಸಿ.

ತವರಿನಿಂದ ಗಂಡನ ಮನೆಗೆ ಹೊರಡುವ ದಿನಕ್ಕೆ ಒಂದು ಕಾರ್ ಸೀಟ್ ಬೇಕೇ ಬೇಕು, ಎರವಲಾದರೂ ಸರಿ, ಆದರೆ ಅಪಘಾತಕ್ಕೆ ಸಿಕ್ಕಿದ್ದಾಗಿರಬಾರದು. ಹಿಂದಿನ ಆಸನದಲ್ಲಿ, ಮಗುವಿನ ಮುಖ ಹಿಂದಕ್ಕಿರುವಂತೆ ಕಟ್ಟಿ. ನಿಮ್ಮ ಬೆಲ್ಟ್ ಗಾಯಕ್ಕಿಂತ ಕೆಳಗೆ, ತೊಡೆಯ ಮೇಲ್ಭಾಗದಲ್ಲಿ ಹಾದುಹೋಗಲಿ. ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಮಗುವನ್ನು ಸೀಟಿನಿಂದ ಹೊರತೆಗೆಯಿರಿ, ಹಾಲೂಡಿಸಿ, ನೀವೂ ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ಚೀಲಗಳನ್ನು ಇಳಿಸುವ ಕೆಲಸ ಬೇರೆಯವರದ್ದು.