ಕ್ಲೆಮಾಟಿಸ್‌ಗೆ ಕಂಬ ಬೇಡ, ಪಕ್ಕದಲ್ಲೊಂದು ಗಿಡ ಸಾಕು

ಕ್ಲೆಮಾಟಿಸ್ ಅನ್ನುವ ಹೂಬಳ್ಳಿಯ ಹೆಸರು ಹೇಳಿದ ಕೂಡಲೇ ಎಲ್ಲರ ಕಣ್ಣಿಗೆ ಬರುವುದು ಅಂಗೈಯಗಲದ ನೇರಳೆ ಹೂವು. ಅದು 'ಜಾಕ್‌ಮನೈ' ಅನ್ನುವ ತಳಿ. ಇಂಗ್ಲೆಂಡಿನ ವೋಕಿಂಗ್‌ನ ಒಂದು ನರ್ಸರಿಯಲ್ಲಿ 1860ರ ಹೊತ್ತಿಗೆ ಹುಟ್ಟಿದ್ದು. ಅದನ್ನು ಬೇಡ ಅನ್ನುವುದಿಲ್ಲ, ಚೆಂದವೇ ಇದೆ. ಆದರೆ ಕ್ಲೆಮಾಟಿಸ್ ಕುಲದಲ್ಲಿ ಸುಮಾರು 300 ಜಾತಿಗಳಿವೆ. ಗಂಟೆಯ ಹಾಗೆ ತಲೆ ಬಗ್ಗಿಸಿದ ಹೂವಿನವು, ಪುಟ್ಟ ಗಡಿಗೆಯಂಥ ಹೂವಿನವು, ಬಳ್ಳಿಯೇ ಅಲ್ಲದೆ ಮೊಣಕಾಲೆತ್ತರಕ್ಕೆ ನಿಂತುಬಿಡುವವು. ವರ್ಷ ವರ್ಷ ತಾನಾಗಿ ಚಿಗುರುವ ಗಿಡಗಳ ಪಾತಿ ನಿಮ್ಮಲ್ಲಿದ್ದರೆ, ಅದಕ್ಕೆ ಹೊಂದುವುದು ಇವೇ. ದೊಡ್ಡ ಹೂವಿನವು ಪಾತಿಯಲ್ಲಿ ಮೆರವಣಿಗೆಗೆ ಬಂದವರ ಹಾಗೆ ಕಾಣುತ್ತವೆ. ಇವು ಮನೆಯವರ ಹಾಗೆ ಇರುತ್ತವೆ.

ಈ ಬಳ್ಳಿ ಹೇಗೆ ಹತ್ತುತ್ತದೆ ಅಂತ ಮೊದಲು ನೋಡಿಕೊಳ್ಳಿ. ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ. ಬಟಾಣಿಗೆ ಇರುವಂಥ ಕುಡಿಬಳ್ಳಿ ಇದಕ್ಕಿಲ್ಲ. ಕಾಂಡ ಕಂಬಕ್ಕೆ ಸುತ್ತಿಕೊಳ್ಳುವುದೂ ಇಲ್ಲ. ಎಲೆಯ ತೊಟ್ಟು ಯಾವುದಕ್ಕಾದರೂ ತಾಗಿದರೆ ಅದರ ಸುತ್ತ ಒಂದು ಸುತ್ತು ಹಾಕಿಕೊಳ್ಳುತ್ತದೆ, ಅಷ್ಟೇ. ಅಷ್ಟು ಚಿಕ್ಕ ತೊಟ್ಟಿಗೆ ಪೆನ್ಸಿಲ್‌ಗಿಂತ ದಪ್ಪದ್ದು ಹಿಡಿಯಲು ಬರುವುದಿಲ್ಲ. ನಾನು ಮೊದಲ ಸಲ ಗಟ್ಟಿಯಾದ ಮರದ ಕಂಬ ನೆಟ್ಟು, ದಾರದಿಂದ ಕಟ್ಟಿ ಕಟ್ಟಿ ಸಾಕಾಗಿದ್ದೆ. ಪ್ರತಿ ಗಾಳಿಗೂ ಬಳ್ಳಿ ಜಾರಿ ಕೆಳಗೆ ಬೀಳುತ್ತಿತ್ತು. ಕೊನೆಗೆ ಅದೇ ಬೇಸತ್ತು ಪಕ್ಕದ ಗುಲಾಬಿಯ ಕಡೆ ವಾಲಿತು. ಅಲ್ಲಿ ಯಾರೂ ಕಟ್ಟಲಿಲ್ಲ, ಆದರೂ ಬೀಳಲಿಲ್ಲ.

ಅವತ್ತಿನಿಂದ ನಾನು ಕ್ಲೆಮಾಟಿಸ್ ನೆಡುವ ಮೊದಲು ಅದಕ್ಕೊಂದು ನೆರೆಗಿಡ ಹುಡುಕುತ್ತೇನೆ. ಸಣ್ಣ ಕೊಂಬೆಗಳು ಜಾಸ್ತಿ ಇರುವ ಪೊದೆ ಒಳ್ಳೆಯದು. ಗುಲಾಬಿ ಆಗುತ್ತದೆ, ಹೈಡ್ರೇಂಜಿಯಾ ಆಗುತ್ತದೆ. ಪೊದೆಯ ಬುಡಕ್ಕೇ ಅಂಟಿಸಿ ನೆಡಬೇಡಿ, ಬೇರುಗಳು ಜಗಳಕ್ಕೆ ಬೀಳುತ್ತವೆ. ಒಂದರಿಂದ ಒಂದೂವರೆ ಅಡಿ ದೂರ ಬಿಟ್ಟು ನೆಟ್ಟು, ತೆಳ್ಳನೆಯ ಕಡ್ಡಿಯೊಂದನ್ನು ಪೊದೆಯ ಕಡೆ ಓರೆಯಾಗಿ ಚುಚ್ಚಿ ದಾರಿ ತೋರಿಸಿ. ಮುಂದಿನದನ್ನು ಅದೇ ನೋಡಿಕೊಳ್ಳುತ್ತದೆ. ಆದರೆ ಜೋಡಿ ಸರಿಯಾಗಿರಬೇಕು. ಹಿಮಾಲಯದ ಮೊಂಟಾನಾ ಜಾತಿ ಎಂಟು ಹತ್ತು ಮೀಟರ್ ಹಬ್ಬುತ್ತದೆ. ಅದನ್ನು ಗುಲಾಬಿಯ ಮೇಲೆ ಬಿಟ್ಟರೆ ಎರಡೇ ವರ್ಷದಲ್ಲಿ ಗುಲಾಬಿ ಎಲ್ಲಿತ್ತು ಅಂತ ಹುಡುಕಬೇಕಾಗುತ್ತದೆ. ಹಳದಿ ಹೂವಿನ ಟ್ಯಾಂಗುಟಿಕಾ ಕೂಡ ಹಾಗೇ, ಪಾತಿಗೆ ಸಲ್ಲದು.

ಪಾತಿಗೆ ನನ್ನ ಮೊದಲ ಆಯ್ಕೆ ವಯೋರ್ನಾ. ಅಮೆರಿಕದ ಆಗ್ನೇಯ ಭಾಗದ ಕಾಡಿನಂಚಿನದು. ಹೂವು ಹೆಬ್ಬೆರಳಿನ ತುದಿಯಷ್ಟು, ಗಡಿಗೆಯ ಆಕಾರ, ಮುಟ್ಟಿದರೆ ತೊಗಲಿನ ಹಾಗೆ ದಪ್ಪ. ಅಂದ ಹಾಗೆ, ಕ್ಲೆಮಾಟಿಸ್‌ನಲ್ಲಿ ನಾವು ಎಸಳು ಅನ್ನುವುದು ನಿಜವಾಗಿ ಎಸಳಲ್ಲ. ಬೇರೆ ಹೂಗಳಲ್ಲಿ ಮೊಗ್ಗನ್ನು ಹೊದ್ದುಕೊಂಡಿರುವ ಹಸಿರು ಹೊದಿಕೆ ಇರುತ್ತದಲ್ಲ, ಇಲ್ಲಿ ಅದೇ ಬಣ್ಣ ಹಚ್ಚಿಕೊಂಡು ಬಂದಿದೆ. ಅದೇ ಕಡೆಯ ಕ್ರಿಸ್ಪಾ ಜಾತಿಗೆ ತಿಳಿ ನೀಲಿ ಗಂಟೆ, ಅಂಚು ಸುರುಳಿ ಸುರುಳಿ, ಜೊತೆಗೆ ಒಳ್ಳೆಯ ಪರಿಮಳ. ಜೌಗು ನೆಲದಿಂದ ಬಂದದ್ದರಿಂದ ಸ್ವಲ್ಪ ಹಸಿ ಜಾಗವನ್ನೂ ಸಹಿಸುತ್ತದೆ. ಟೆಕ್ಸೆನ್ಸಿಸ್ ಇದಕ್ಕೆ ಪೂರ್ತಿ ಉಲ್ಟಾ. ಟೆಕ್ಸಾಸ್‌ನ ಸುಣ್ಣಕಲ್ಲಿನ ಗುಡ್ಡಗಳದು, ನೀರು ನಿಂತರೆ ಕೊಳೆಯುತ್ತದೆ. ಕ್ಲೆಮಾಟಿಸ್‌ನಲ್ಲಿ ನಿಜವಾದ ಕೆಂಪು ಬೇಕೆಂದರೆ ಇದನ್ನೇ ಹುಡುಕಬೇಕು. ಅಲ್ಲಿ ಇದಕ್ಕೆ ಹಮ್ಮಿಂಗ್‌ಬರ್ಡ್‌ಗಳು ಬರುತ್ತವೆ.

ಬಳ್ಳಿಯಲ್ಲದವುಗಳಲ್ಲಿ ಇಂಟೆಗ್ರಿಫೋಲಿಯಾ ಸುಲಭದ್ದು. ಯುರೋಪು, ಏಷ್ಯಾ ಎರಡೂ ಕಡೆ ಇದೆ. ಎರಡು ಮೂರು ಅಡಿ ಎತ್ತರ, ತುದಿಯಲ್ಲಿ ಒಂದೊಂದೇ ನೀಲಿ ಗಂಟೆ. ಇದರ ದೋಷ ಒಂದೇ, ಜೋರು ಮಳೆ ಬಂದರೆ ಮಲಗಿಬಿಡುತ್ತದೆ. ಬಿದ್ದ ಮೇಲೆ ಎತ್ತಿ ಕಟ್ಟಿದರೆ ಕಟ್ಟು ಹಾಕಿದ ಹೊರೆಯ ಹಾಗೆ ಕಾಣುತ್ತದೆ. ಗಿಡ ಒಂದು ಗೇಣಿರುವಾಗಲೇ ಸುತ್ತ ಕವಲೊಡೆದ ಒಣ ಕಡ್ಡಿ ಚುಚ್ಚಿಡಿ, ಅದರ ನಡುವೆ ಏರುತ್ತದೆ. ರೆಕ್ಟಾ ಇದಕ್ಕಿಂತ ಎತ್ತರ, ಸಣ್ಣ ಬಿಳಿ ಹೂವಿನ ರಾಶಿ. ಚೀನಾ ಕಡೆಯ ಹೆರಾಕ್ಲೀಫೋಲಿಯಾ ಅಗಲ ಎಲೆಯ ಪೊದೆ, ಜಾಗ ಜಾಸ್ತಿ ಕೇಳುತ್ತದೆ. ನನಗೆ ತುಂಬಾ ಇಷ್ಟವಾದದ್ದು ಮಾತ್ರ ಫ್ರೀಮಾಂಟೈ. ಅಮೆರಿಕದ ಕ್ಯಾನ್ಸಸ್, ಮಿಸೌರಿ ಕಡೆಯ ಸುಣ್ಣಕಲ್ಲಿನ ಬಯಲಿನದು. ಒಂದು, ಒಂದೂವರೆ ಅಡಿ ಅಷ್ಟೇ. ಗಟ್ಟಿ ಎಲೆ, ಮಾಸಲು ನೇರಳೆ ಗಂಟೆ. ಮೊದಲ ಸಲ ನೋಡಿದವರು ಇದು ಕ್ಲೆಮಾಟಿಸ್ ಅಂದರೆ ನಂಬುವುದಿಲ್ಲ.

ಸ್ಥಳೀಯ ಜಾತಿ ಅನ್ನುವ ಮಾತು ಬಂದಾಗ ಸ್ವಲ್ಪ ಹುಷಾರಾಗಿರಿ. ಒಂದು ಕಡೆ ಮನೆಮಗಳು, ಇನ್ನೊಂದು ಕಡೆ ತಲೆನೋವು. ವಿಟಾಲ್ಬಾ ಯುರೋಪಿನ ಬೇಲಿಗಳಲ್ಲಿ ತಲೆತಲಾಂತರದಿಂದ ಇದೆ. ಅದೇ ನ್ಯೂಜಿಲೆಂಡಿಗೆ ಹೋಗಿ ಕಾಡಿನ ಮರಗಳನ್ನೇ ಮುಚ್ಚಿಹಾಕುತ್ತಿದೆ. ಅಮೆರಿಕದ ಪೂರ್ವ ಭಾಗದಲ್ಲಿ ವರ್ಜೀನಿಯಾನಾ ಅಲ್ಲಿಯದೇ ಜಾತಿ. ಏಷ್ಯಾದಿಂದ ಹೋದ ಟರ್ನಿಫ್ಲೋರಾ ಎಲ್ಲೆಂದರಲ್ಲಿ ಹಬ್ಬುವ ಕಳೆ. ಎರಡಕ್ಕೂ ಬಿಳಿ ಹೂವು, ದೂರದಿಂದ ನೋಡಿದರೆ ಒಂದೇ. ಎಲೆಯ ಅಂಚು ನೋಡಿ. ಹಲ್ಲು ಹಲ್ಲಾಗಿದ್ದರೆ ವರ್ಜೀನಿಯಾನಾ, ನುಣುಪಾಗಿದ್ದರೆ ಇನ್ನೊಂದು. ಹಾಗಂತ ಸ್ಥಳೀಯ ಜಾತಿ ಬೇಕೆಂದು ಕಾಡಿನಿಂದ ಕಿತ್ತು ತರಬೇಡಿ. ಅಲಬಾಮಾ, ಜಾರ್ಜಿಯಾದ ಕೆಲವೇ ಜಾಗಗಳಲ್ಲಿ ಉಳಿದಿರುವ ಸೋಷಿಯಾಲಿಸ್ ಅನ್ನುವುದು 1986ರಿಂದ ಅಮೆರಿಕ ಸರ್ಕಾರದ ಅಳಿವಿನಂಚಿನ ಪಟ್ಟಿಯಲ್ಲಿದೆ. ಅದೂ ಅಲ್ಲದೆ ಕಿತ್ತು ತಂದದ್ದು ಬದುಕುವುದೂ ಕಷ್ಟ. ಕ್ಲೆಮಾಟಿಸ್‌ನ ಬೇರು ಹಗ್ಗದ ಎಳೆಗಳ ಹಾಗೆ ಆಳಕ್ಕೆ ಹೋಗಿರುತ್ತದೆ, ಎಳೆದರೆ ಪಟ್ಟಂತ ಮುರಿಯುತ್ತದೆ.

ಬೀಜದಿಂದ ಬೆಳೆಸುವುದೇ ಸರಿ, ತಾಳ್ಮೆ ಇದ್ದರೆ. ಟ್ಯಾಂಗುಟಿಕಾದಂಥ ಸಣ್ಣ ಬೀಜ ಕೆಲವು ವಾರಗಳಲ್ಲಿ ಮೊಳೆಯುತ್ತದೆ. ವಯೋರ್ನಾ, ಕ್ರಿಸ್ಪಾ, ಟೆಕ್ಸೆನ್ಸಿಸ್ ಬಳಗದ ದಪ್ಪ ಬೀಜ ಆರು ತಿಂಗಳು ಸುಮ್ನೆ ಕೂರಬಹುದು, ಎರಡು ವರ್ಷವೂ ಕೂರಬಹುದು. ಬೀಜ ಬಲಿತ ಕೂಡಲೇ ಬಿತ್ತಿ, ಕುಂಡವನ್ನು ಹೊರಗೇ ಬಿಡಿ. ಬಿಸಿಲು ಚಳಿ ಎರಡನ್ನೂ ಅದು ಕಾಣಬೇಕು. ಕುಂಡ ಖಾಲಿ ಇದೆ ಅಂತ ಮಣ್ಣು ಸುರಿದುಬಿಡಬೇಡಿ, ಹೆಸರು ತಾರೀಕು ಬರೆದಿಡಿ. ಇನ್ನೊಂದು ಮಾತು. ಈ ಬಳಗದ ನಾಲ್ಕಾರು ಜಾತಿ ಒಟ್ಟಿಗೆ ಹೂ ಬಿಟ್ಟರೆ ದುಂಬಿಗಳು ಎಲ್ಲವನ್ನೂ ಕಲಸುತ್ತವೆ. ಅಲ್ಲಿಯ ಬೀಜದಿಂದ ಏನು ಬಂದರೂ ಅದಕ್ಕೆ ತಾಯಿಯ ಹೆಸರು ಇಡಬೇಡಿ.

ನೆಡುವಾಗ ಆಳದ ಲೆಕ್ಕ ಮುಖ್ಯ. ಬಳ್ಳಿ ಜಾತಿಯಾದರೆ ಬುಡ ಮಣ್ಣಿನ ಮಟ್ಟಕ್ಕಿಂತ ಎರಡು ಮೂರು ಇಂಚು ಕೆಳಗಿರಲಿ. ಮೇಲೆ ಏನಾದರೂ ಆದರೂ ಕೆಳಗಿನ ಮೊಗ್ಗಿನಿಂದ ಮತ್ತೆ ಬರುತ್ತದೆ. ದೊಡ್ಡ ಹೂವಿನ ತಳಿಗಳು ಸೊರಗು ರೋಗಕ್ಕೆ ಸಿಕ್ಕಿ ರಾತ್ರೋರಾತ್ರಿ ಕಪ್ಪಾಗುವಾಗ ಈ ಆಳವೇ ಕಾಪಾಡುವುದು. ಒಣಗಿದ ಭಾಗವನ್ನು ಹಸಿರಿರುವ ತನಕ ಕತ್ತರಿಸಿ ಸುಟ್ಟುಬಿಡಿ. ಕಾಡು ಜಾತಿಗಳಿಗೆ ಈ ಕಾಟ ತೀರಾ ಕಡಿಮೆ. ಇಂಟೆಗ್ರಿಫೋಲಿಯಾದಂಥ ನಿಂತ ಗಿಡಗಳನ್ನು ಮಾತ್ರ ಆಳಕ್ಕೆ ಹೂಳಬೇಡಿ, ಬುಡ ಮಣ್ಣಿನ ಮಟ್ಟಕ್ಕೇ ಇರಲಿ. ಸುಣ್ಣ ಹಾಕಲೇಬೇಕು ಅನ್ನುತ್ತಾರಲ್ಲ, ಹುಳಿ ಮಣ್ಣಲ್ಲದಿದ್ದರೆ ಬೇಕಾಗಿಲ್ಲ. ಬುಡ ತಂಪಾಗಿರಲಿ ಅಂತ ಚಪ್ಪಡಿ ಕಲ್ಲು ಇಡುವುದೂ ಹಳೆಯ ಪದ್ಧತಿ. ನಾನೂ ಇಟ್ಟಿದ್ದೆ. ಕಲ್ಲಿನ ಕೆಳಗೆ ಚಿಪ್ಪಿಲ್ಲದ ಬಸವನಹುಳುಗಳು ಸಂಸಾರ ಹೂಡಿ ಹೊಸ ಚಿಗುರನ್ನೆಲ್ಲ ತಿಂದವು. ಒಣ ಎಲೆ ಅಥವಾ ಕಾಂಪೋಸ್ಟ್ ಹೊದಿಸಿ ಸಾಕು, ಅದೂ ಕಾಂಡಕ್ಕೆ ತಾಗದ ಹಾಗೆ. ನೀರು ವಾರಕ್ಕೊಮ್ಮೆ ಆಳಕ್ಕೆ ಇಳಿಯುವಷ್ಟು ಕೊಡಿ. ದಿನಾ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ.

ಸವರುವುದು ಇವುಗಳಲ್ಲಿ ತೀರಾ ಸುಲಭ. ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಗೇಣು ಬಿಟ್ಟು ಎಲ್ಲವನ್ನೂ ಕತ್ತರಿಸಿ, ಹೂವು ಹೊಸ ಚಿಗುರಿನಲ್ಲೇ ಬರುತ್ತದೆ. ಮೊಂಟಾನಾ ಹಾಗಲ್ಲ, ಹಿಂದಿನ ವರ್ಷದ ಕಾಂಡದಲ್ಲಿ ಹೂ ಬಿಡುತ್ತದೆ. ಅದನ್ನು ಹೂವು ಮುಗಿದ ಮೇಲೆ ಮುಟ್ಟಬೇಕು. ಟೆಕ್ಸೆನ್ಸಿಸ್ ಮತ್ತು ಅದರ ಮಿಶ್ರ ತಳಿಗಳಿಗೆ ಬೂದಿರೋಗ ಬರುವುದುಂಟು, ಗಾಳಿಯಾಡುವ ಜಾಗ ಕೊಡಿ. ಕತ್ತರಿಸುವಾಗ ಕೈಗವಸು ಮರೆಯಬೇಡಿ. ಕ್ಲೆಮಾಟಿಸ್‌ನ ರಸ ಚರ್ಮಕ್ಕೆ ತಾಗಿದರೆ ಉರಿ, ಕೆಲವರಿಗೆ ಬೊಬ್ಬೆಯೂ ಏಳುತ್ತದೆ. ನಾಯಿ ಬೆಕ್ಕುಗಳು ಅಗಿಯದಂತೆಯೂ ನೋಡಿಕೊಳ್ಳಿ.

ಆ ಒಂದು ಗೇಣು ಕಾಂಡ ಬಿಡಿ ಅಂದೆನಲ್ಲ, ಅದು ಒಣಗಿ ಸತ್ತಿದ್ದರೂ ಬಿಡಿ. ಅದಕ್ಕೊಂದು ಕಾರಣವಿದೆ. ನನ್ನ ಮೊದಲ ವಯೋರ್ನಾ ಎರಡನೇ ಚಳಿಗಾಲದಲ್ಲಿ ಪೂರ್ತಿ ಒಣಗಿತು. ಹೋಯಿತು ಅಂದುಕೊಂಡು ಕಾಂಡ ಕಿತ್ತೆಸೆದು, ಆ ಜಾಗಕ್ಕೆ ಬೇರೇನೋ ನೆಡೋಣ ಅಂತ ಗುದ್ದಲಿ ಹಾಕಿದೆ. ಮಣ್ಣಿನ ಜೊತೆ ಮೇಲೆ ಬಂದದ್ದು ಮುರಿದ ಬೇರುಗಳು, ಅದರ ತಲೆಯ ಮೇಲೆ ನಾಲ್ಕು ದಪ್ಪ ಬಿಳಿ ಮೊಗ್ಗು. ತಿರುಗಿ ಹೂತೆ. ಮತ್ತೆ ಹೂವು ನೋಡಲು ಎರಡು ವರ್ಷ ಹಿಡಿಯಿತು. ಈಗ ಆ ಒಣ ಕಾಂಡಕ್ಕೆ ಒಂದು ಕೆಂಪು ದಾರವನ್ನೂ ಕಟ್ಟಿಡುತ್ತೇನೆ.