ಮೆಣಸಿನಕಾಯಿ ದರಕ್ಕೊಂದು ಬಾರ್ ಚಾರ್ಟ್: ಮ್ಯಾಟ್‌ಪ್ಲಾಟ್‌ಲಿಬ್ ಜೊತೆ ನನ್ನ ಅನುಭವ

ಬ್ಯಾಡಗಿ ಪೇಟೆಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಟೆಂಡರ್ ಇರುತ್ತದೆ. ಆಮೇಲೆ ದರದ ಪಟ್ಟಿ ಬರುತ್ತದೆ. ಡಬ್ಬಿ, ಕಡ್ಡಿ, ಗುಂಟೂರು ಅಂತ ಮೂರು ಬಗೆ. ಒಂದೊಂದಕ್ಕೂ ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ದರ. ಎಲ್ಲವೂ ಕ್ವಿಂಟಲ್ ಲೆಕ್ಕ. ಹಾವೇರಿ ಜಿಲ್ಲೆಯ ಒಂದು ರೈತ ಉತ್ಪಾದಕರ ಕಂಪನಿಯ ಲೆಕ್ಕಪತ್ರ ಮತ್ತು ಕಂಪ್ಯೂಟರ್ ಕೆಲಸವನ್ನು ನಾನು ಹುಬ್ಬಳ್ಳಿಯಲ್ಲಿ ಕೂತು ನೋಡಿಕೊಳ್ಳುತ್ತೇನೆ. ಈ ಪಟ್ಟಿಯನ್ನು ಬಾರ್ ಚಾರ್ಟ್ ಮಾಡಿ ಸದಸ್ಯರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದೂ ಅದರಲ್ಲಿ ಸೇರಿದೆ. ಅದೇ ಚಿತ್ರದ ಪ್ರಿಂಟ್ ಗೋದಾಮಿನ ಗೋಡೆಗೂ ಹೋಗುತ್ತದೆ.

ಎಕ್ಸೆಲ್‌ನಲ್ಲೂ ಇದನ್ನು ಮಾಡಬಹುದು. ಆದರೆ ಪ್ರತಿ ಟೆಂಡರ್ ದಿನ ಅದೇ ಬಣ್ಣ, ಅದೇ ಅಕ್ಷರ, ಅದೇ ಅಳತೆ ಕೈಯಿಂದ ಹೊಂದಿಸುತ್ತ ಕೂರುವುದು ಬೇಸರದ ಕೆಲಸ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಗೊತ್ತಿತ್ತು, ಹಾಗಾಗಿ ಅದರಲ್ಲಿ ಚಾರ್ಟ್ ಬಿಡಿಸಲು ಇರುವ ಸಿದ್ಧ ಕೋಡ್‌ನ ಕಟ್ಟು (ಲೈಬ್ರರಿ) ಮ್ಯಾಟ್‌ಪ್ಲಾಟ್‌ಲಿಬ್ ಹಿಡಿದೆ. ಜಾನ್ ಹಂಟರ್ ಅನ್ನುವ ಅಮೆರಿಕದ ನರವಿಜ್ಞಾನಿ ಮೆದುಳಿನ ವಿದ್ಯುತ್ ಸಂಕೇತಗಳನ್ನು ನೋಡಲು ಶುರುಮಾಡಿದ ಲೈಬ್ರರಿ ಇದು, 2003ರಲ್ಲಿ ಹೊರಬಂತು. ಅವರು 2012ರಲ್ಲಿ ತೀರಿಕೊಂಡರು, ಲೈಬ್ರರಿ ಇನ್ನೂ ಬೆಳೆಯುತ್ತಲೇ ಇದೆ. ಚಿತ್ರದ ಒಂದೊಂದು ಗೆರೆಯೂ ನಮ್ಮ ಕೈಯಲ್ಲಿ ಇರುತ್ತದೆ ಅನ್ನುವುದಕ್ಕೇ ನನಗೆ ಇದು ಇಷ್ಟ.

ಕೋಡ್ ಬರೆಯುವ ಮೊದಲು ಒಂದು ಮಾತು ತೀರ್ಮಾನ ಆಗಬೇಕಿತ್ತು. ಮೂರು ದರದಲ್ಲಿ ಕಂಬ ಯಾವುದಕ್ಕೆ? ಸುಮ್ನೆ ಮೂರನ್ನೂ ಪಕ್ಕಪಕ್ಕ ನಿಲ್ಲಿಸಿದ ಒಂದು ಚಿತ್ರವನ್ನು ಮೊದಲು ನಮ್ಮ ಹಿರಿಯ ಸದಸ್ಯರೊಬ್ಬರಿಗೆ ತೋರಿಸಿದೆ. ಅವರ ಕಣ್ಣು ಸೀದಾ ಎತ್ತರದ ಕಂಬದ ಮೇಲೇ ಹೋಯಿತು.

"ಇಷ್ಟ ದರ ಐತೇನು? ಹಂಗಾರ ನಾಳೆನ ಚೀಲ ತುಂಬಸ್ತೀನಿ."

"ಕಾಕಾ, ಅದು ಗರಿಷ್ಠ ರೀ. ಒಂದೋ ಎರಡೋ ಲಾಟಿಗೆ ಸಿಕ್ಕಿದ್ದು."

"ಮತ್ತ ನಮ್ಮಂಥವರ ಮಾಲಿಗೆ ಎಷ್ಟು ಸಿಗತೈತಿ, ಅದನ್ನ ತೋರಸ್ಪಾ ತಮ್ಮಾ."

ಅವರು ಕೇಳಿದ್ದೇ ಸರಿ. ಬ್ಯಾಡಗಿಯಲ್ಲಿ ಒಳ್ಳೆ ಬಣ್ಣದ, ಚೆನ್ನಾಗಿ ಒಣಗಿದ ಡಬ್ಬಿಯ ಕೆಲವೇ ಚೀಲಗಳಿಗೆ ಬಹಳ ದೊಡ್ಡ ದರ ಬೀಳುತ್ತದೆ, ಪತ್ರಿಕೆಯ ತಲೆಬರಹಕ್ಕೂ ಅದೇ ಬರುತ್ತದೆ. ಆವತ್ತು ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತು ಅನ್ನುವುದನ್ನು ಹೇಳುವುದು ಮಾದರಿ ದರ. ಹಾಗಾಗಿ ಕಂಬ ಮಾದರಿ ದರಕ್ಕೆ, ಕನಿಷ್ಠದಿಂದ ಗರಿಷ್ಠದವರೆಗೆ ಒಂದು ತೆಳು ಗೆರೆ ಅಂತ ಇಟ್ಟುಕೊಂಡೆ. ಮುಂದಿನ ಎಲ್ಲ ಹೊಂದಾಣಿಕೆಯೂ ಈ ಒಂದು ತೀರ್ಮಾನದಿಂದಲೇ ಬಂತು.

ಡೇಟಾ ಓದಿಸುವಾಗಲೇ ಒಂದು ಎಚ್ಚರ ಬೇಕು. ಪಟ್ಟಿಯಲ್ಲಿ ದರ 14,259 ಅಂತ ಅಲ್ಪವಿರಾಮದ ಜೊತೆ ಇರುತ್ತದೆ. ಪಟ್ಟಿ ಓದಿಸಲು ನಾನು ಬಳಸುವ ಪಾಂಡಾಸ್ ಅನ್ನುವ ಪೈಥಾನ್ ಲೈಬ್ರರಿ ಅದನ್ನು ಸಂಖ್ಯೆ ಅಂತ ತಿಳಿಯುವುದಿಲ್ಲ, ಬರೀ ಅಕ್ಷರ ಅಂತ ಓದುತ್ತದೆ. ಅದನ್ನು ಹಾಗೇ ಕೊಟ್ಟರೆ ಮ್ಯಾಟ್‌ಪ್ಲಾಟ್‌ಲಿಬ್ ತಕರಾರು ಮಾಡುವುದಿಲ್ಲ. ಒಂದೊಂದು ದರವನ್ನೂ ಒಂದೊಂದು ಹೆಸರು ಅಂದುಕೊಂಡು, ಬಂದ ಸರದಿಯಲ್ಲಿ ಸಮ ಅಂತರದ ಮೆಟ್ಟಿಲು ಮಾಡಿ ಕಂಬ ನಿಲ್ಲಿಸುತ್ತದೆ. ಚಿತ್ರ ನೋಡಲು ನೀಟಾಗೇ ಇರುತ್ತದೆ, ಆದರೆ ಪೂರಾ ಸುಳ್ಳು. ಪಟ್ಟಿಯ ಸಿಎಸ್‌ವಿ ಕಡತ (ಸರಳ ಅಕ್ಷರರೂಪದ ಕೋಷ್ಟಕ) ಓದಿಸುವಾಗ 'ಥೌಸಂಡ್ಸ್' ಅನ್ನುವ ಕಡೆ ಅಲ್ಪವಿರಾಮ ಕೊಟ್ಟುಬಿಟ್ಟರೆ ಈ ಕಾಟ ಇಲ್ಲ. ಎಡಗಡೆಯ ಅಳತೆಯ ಅಂಕಿಗಳು ಏರುಪೇರಾಗಿ ಕಂಡರೆ ಮೊದಲು ನೋಡಬೇಕಾದದ್ದು ಇದನ್ನೇ.

ಕಂಬ ಎಬ್ಬಿಸುವುದು ಸುಲಭ. 'ಸಬ್‌ಪ್ಲಾಟ್ಸ್' ಕರೆದರೆ ಹಾಳೆಯೊಂದು, ಅದರೊಳಗೆ ಚಿತ್ರದ ಚೌಕವೊಂದು ಸಿಗುತ್ತದೆ. ಆ ಚೌಕದ ಮೇಲೆ 'ಬಾರ್' ಕರೆದು ಹೆಸರು ಮತ್ತು ಎತ್ತರ ಕೊಟ್ಟರೆ ಆಯಿತು. ಹಾಳೆ ತಾನಾಗಿ 6.4 ಇಂಚು ಅಗಲ, 4.8 ಇಂಚು ಎತ್ತರ ಬರುತ್ತದೆ. ಇದು ಲ್ಯಾಪ್‌ಟಾಪ್‌ಗೆ ಸರಿ. ನಮ್ಮವರು ನೋಡುವುದು ಫೋನ್‌ನಲ್ಲಿ, ಅದೂ ಉದ್ದಕ್ಕೆ ಹಿಡಿದು. ಅದಕ್ಕೆ ನಾನು 6 ಇಂಚು ಅಗಲ, 7 ಇಂಚು ಎತ್ತರ ಇಟ್ಟಿದ್ದೇನೆ. ಅಕ್ಷರದ ಗಾತ್ರ ತಾನಾಗಿ 10 ಇರುತ್ತದೆ, ಅದನ್ನು 14 ಮಾಡಿದೆ. ಮೇಲಿನ ಮತ್ತು ಬಲಗಡೆಯ ಚೌಕಟ್ಟಿನ ಗೆರೆ ತೆಗೆದೆ, ಅವುಗಳಿಂದ ಏನೂ ಉಪಯೋಗ ಇಲ್ಲ. ಒಂದು ಕಂಬದ ಜಾಗ 1 ಅಂದರೆ ಕಂಬದ ಅಗಲ 0.8 ಇರುತ್ತದೆ, ಅದು ಹಾಗೇ ಚೆನ್ನಾಗಿದೆ.

ತೆಳು ಗೆರೆಯ ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. 'ಬಾರ್'ಗೆ 'ವೈ-ಎರ್' ಅಂತ ಒಂದು ಆಯ್ಕೆ ಇದೆ, ಕಂಬದ ತುದಿಯಿಂದ ಮೇಲಕ್ಕೂ ಕೆಳಕ್ಕೂ ಗೆರೆ ಎಳೆಯುತ್ತದೆ. ಇದಕ್ಕೆ ಕೊಡಬೇಕಾದದ್ದು ಕನಿಷ್ಠ, ಗರಿಷ್ಠ ದರಗಳನ್ನಲ್ಲ. ಮಾದರಿ ದರದಿಂದ ಅವು ಎಷ್ಟು ದೂರ ಅನ್ನುವುದನ್ನು. ಉದಾಹರಣೆಗೆ ಕನಿಷ್ಠ 3,000, ಮಾದರಿ 14,000, ಗರಿಷ್ಠ 32,000 ಅಂದುಕೊಳ್ಳಿ. ಆಗ ಕೊಡಬೇಕಾದದ್ದು 11,000 ಮತ್ತು 18,000. ಕೆಳಗಿನ ದೂರಗಳೆಲ್ಲ ಮೊದಲ ಸಾಲಿನಲ್ಲಿ, ಮೇಲಿನವು ಎರಡನೇ ಸಾಲಿನಲ್ಲಿ.

ಇಲ್ಲಿಗೆ ಮುಗಿಯಲಿಲ್ಲ. ಕಂಬದ ಮೇಲೆ ದರ ಬರೆಯಲು 'ಬಾರ್ ಲೇಬಲ್' ಅಂತ ಒಂದು ಸೌಲಭ್ಯ ಇದೆ. 2021ರ 3.4 ಆವೃತ್ತಿಯಲ್ಲಿ ಬಂತು, ಬಹಳ ಅನುಕೂಲ. ಆದರೆ ಕಂಬಕ್ಕೆ 'ವೈ-ಎರ್' ಗೆರೆ ಇದ್ದರೆ ಅದು ಅಂಕಿಯನ್ನು ಕಂಬದ ತುದಿಗೆ ಇಡುವುದಿಲ್ಲ, ಗೆರೆಯ ತುದಿಗೆ ಇಡುತ್ತದೆ. ಅಂದರೆ 14,000 ಅನ್ನುವ ಅಂಕಿ 32,000ದ ಎತ್ತರದಲ್ಲಿ ಹೋಗಿ ಕೂರುತ್ತದೆ. ನೋಡಿದವರು ಗರಿಷ್ಠವೇ 14,000 ಅಂದುಕೊಳ್ಳುತ್ತಾರೆ. ದರದ ವಿಷಯದಲ್ಲಿ ಇಂಥ ಗೊಂದಲ ಒಂದು ದಿನವೂ ಇರಬಾರದು. ಅದಕ್ಕೆ ನಾನು 'ಬಾರ್'ನೊಳಗೆ ಗೆರೆ ಕೊಡುವುದಿಲ್ಲ. 'ಎರರ್‌ಬಾರ್' ಅನ್ನುವುದನ್ನು ಬೇರೆಯಾಗಿ ಕರೆದು, ಗೆರೆಯನ್ನು ಕಂಬದ ನಡುವಿನಿಂದ 0.28ರಷ್ಟು ಬಲಕ್ಕೆ ಸರಿಸಿ ಎಳೆಯುತ್ತೇನೆ. ಅಂಕಿ ಕಂಬದ ಮಧ್ಯಕ್ಕೆ, ಬಿಳಿ ಬಣ್ಣದಲ್ಲಿ. ಗೆರೆಯ ಎರಡು ತುದಿಗೆ ಕನಿಷ್ಠ, ಗರಿಷ್ಠ ಅಂತ ಸಣ್ಣ ಅಕ್ಷರ. ಈಗ ಒಂದರ ಮೇಲೊಂದು ಬೀಳುವುದಿಲ್ಲ.

ಅಂಕಿಯ ಅಲ್ಪವಿರಾಮಕ್ಕೂ ಒಂದು ಕೆಲಸ ಬೇಕಾಯಿತು. ಮಾಲು ಜೋರಾಗಿ ಬರುವ ದಿನಗಳಲ್ಲಿ ಬ್ಯಾಡಗಿಗೆ ಒಂದೇ ದಿನ ಲಕ್ಷಕ್ಕೂ ಜಾಸ್ತಿ ಚೀಲ ಬರುತ್ತವೆ. ಆವಕದ (ಪೇಟೆಗೆ ಬಂದ ಮಾಲಿನ) ಚಾರ್ಟ್ ಮಾಡುವಾಗ, ಅಲ್ಪವಿರಾಮ ಹಾಕು ಅಂದರೆ ಪೈಥಾನ್ 245,000 ಅಂತ ಬರೆಯುತ್ತದೆ. ನಮ್ಮವರು ಓದುವುದು 2,45,000. ಕೊನೆಯ ಮೂರು ಅಂಕಿ ಬಿಟ್ಟು, ಉಳಿದದ್ದನ್ನು ಎರಡೆರಡಾಗಿ ಒಡೆಯುವ ಸಣ್ಣ ಫಂಕ್ಷನ್ ಬರೆದು, ಅಳತೆಯ ಅಂಕಿಗಳ ರೂಪ ತೀರ್ಮಾನಿಸುವ 'ಫಂಕ್‌ಫಾರ್ಮ್ಯಾಟರ್'ಗೆ ಕೊಟ್ಟೆ. 3.7 ಆವೃತ್ತಿಯಿಂದ 'ಬಾರ್ ಲೇಬಲ್' ಕೂಡ ಇಂಥ ಫಂಕ್ಷನ್ ತೆಗೆದುಕೊಳ್ಳುತ್ತದೆ, ಹಾಗಾಗಿ ಎರಡು ಕಡೆಗೂ ಒಂದೇ ಸಾಕು.

ಹೆಚ್ಚು ಶ್ರಮ ಬೇಡಿದ್ದು ಕನ್ನಡ. ಮ್ಯಾಟ್‌ಪ್ಲಾಟ್‌ಲಿಬ್ ಜೊತೆ ಬರುವ ಡೇಜಾವು ಫಾಂಟ್‌ನಲ್ಲಿ ಕನ್ನಡ ಇಲ್ಲ, ಖಾಲಿ ಚೌಕಗಳು ಬರುತ್ತವೆ. ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಇಳಿಸಿಕೊಂಡು 'ಆ್ಯಡ್‌ಫಾಂಟ್' ಮೂಲಕ ಸೇರಿಸಿದರೆ ಚೌಕ ಹೋಗುತ್ತವೆ. 3.6 ಆವೃತ್ತಿಯಿಂದ ಈಚೆಗೆ ಫಾಂಟ್‌ಗಳ ಪಟ್ಟಿಯನ್ನೇ ಕೊಡಬಹುದು, ಒಂದರಲ್ಲಿ ಇಲ್ಲದ ಅಕ್ಷರವನ್ನು ಇನ್ನೊಂದರಿಂದ ತೆಗೆದುಕೊಳ್ಳುತ್ತದೆ. ಆದರೂ ಒತ್ತಕ್ಷರ ಸರಿ ಬರುವುದಿಲ್ಲ. ನಾನು ಬಳಸುವ ಆವೃತ್ತಿ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತದೆ ಅಷ್ಟೇ, ಕೂಡಿಸುವುದಿಲ್ಲ. 'ಲಕ್ಷ್ಮೇಶ್ವರ' ಅಂತ ಬರೆದು ನೋಡಿ, ಗೊತ್ತಾಗುತ್ತದೆ. ಕ ಬೇರೆ, ಷ ಬೇರೆ, ಮ ಬೇರೆ, ನಡುನಡುವೆ ಅರ್ಧ ಗೀಚಿದ ಹಾಗೆ ಚಿಹ್ನೆಗಳು. 'ಬ್ಯಾಡಗಿ'ಯ ಮೊದಲ ಅಕ್ಷರವೇ ಒಡೆದಿರುತ್ತದೆ. ಊರಿನ ಹೆಸರನ್ನು ಹಾಗೆ ಒಡೆದು ಊರವರಿಗೇ ಕಳಿಸುವುದು ನನ್ನಿಂದ ಆಗದ ಮಾತು. ಇಂಗ್ಲಿಷ್‌ನಲ್ಲೇ ಬರೆದುಬಿಡು ಅಂತ ಗೆಳೆಯರು ಹೇಳಿದರು. ಒಪ್ಪಲಿಲ್ಲ. ಕನ್ನಡದಲ್ಲಿ ನಡೆಯುವ ವ್ಯಾಪಾರದ ಚಿತ್ರ ಕನ್ನಡದಲ್ಲೇ ಇರಬೇಕು.

ದಾರಿ ಇದೆ. ಚಿತ್ರವನ್ನು ಪಿಎನ್‌ಜಿ (ಚುಕ್ಕೆಗಳಿಂದಾದ ಚಿತ್ರ) ಬದಲು ಎಸ್‌ವಿಜಿ (ಗೆರೆ, ಆಕಾರಗಳ ವಿವರಣೆಯಾಗಿ ಉಳಿಯುವ ಚಿತ್ರ) ರೂಪದಲ್ಲಿ ಉಳಿಸಬೇಕು. ಆದರೆ ಎಸ್‌ವಿಜಿಯಲ್ಲೂ ಮ್ಯಾಟ್‌ಪ್ಲಾಟ್‌ಲಿಬ್ ತಾನಾಗಿ ಅಕ್ಷರಗಳನ್ನು ಗೆರೆಗಳಾಗಿ ಮಾಡಿ ಇಡುತ್ತದೆ, ಆಗ ಒಡೆದದ್ದು ಒಡೆದೇ ಇರುತ್ತದೆ. ಅದನ್ನು ತಪ್ಪಿಸಲು 'ಎಸ್‌ವಿಜಿ ಡಾಟ್ ಫಾಂಟ್‌ಟೈಪ್' ಅನ್ನುವ ಸೆಟ್ಟಿಂಗ್ ಅನ್ನು 'ನನ್' ಮಾಡಬೇಕು. ಆಗ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ. ಆ ಕಡತವನ್ನು ತೆರೆಯುವ ತಂತ್ರಾಂಶ ಒತ್ತಕ್ಷರ ಕೂಡಿಸುತ್ತದೆ, ಬ್ರೌಸರ್ ಆಗಲಿ, ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ಆಗಲಿ. ವಾಟ್ಸ್‌ಆ್ಯಪ್‌ಗೆ ಫೋಟೋ ಬೇಕಲ್ವಾ, ಅದಕ್ಕೆ ಇಂಕ್‌ಸ್ಕೇಪ್ ಅನ್ನು ಸ್ಕ್ರಿಪ್ಟ್‌ನಿಂದಲೇ ಕರೆದು ಇಂಚಿಗೆ 200 ಚುಕ್ಕೆಯಂತೆ ಪಿಎನ್‌ಜಿ ಮಾಡಿಸುತ್ತೇನೆ. 1200 ಅಗಲ, 1400 ಎತ್ತರದ ಚಿತ್ರ ಸಿಗುತ್ತದೆ, ಲಕ್ಷ್ಮೇಶ್ವರ ಲಕ್ಷ್ಮೇಶ್ವರವಾಗಿಯೇ ಇರುತ್ತದೆ. ಎಂಪಿಎಲ್‌ಕೈರೊ ಅನ್ನುವ ಇನ್ನೊಂದು ಲೈಬ್ರರಿ ಸೇರಿಸಿಕೊಂಡರೆ ನೇರವಾಗಿಯೇ ಒತ್ತಕ್ಷರ ಬರುತ್ತದೆ. ಅದೂ ಒಳ್ಳೆಯದೇ. ಪ್ಲಾಟ್ಲಿ ಅನ್ನುವ ಮತ್ತೊಂದು ಚಾರ್ಟ್ ಲೈಬ್ರರಿ ಬ್ರೌಸರ್‌ನೊಳಗೆ ಚಿತ್ರ ಬಿಡಿಸುತ್ತದೆ, ಅಲ್ಲಿ ಈ ತೊಂದರೆಯೇ ಇಲ್ಲ. ವೆಬ್ ಪುಟಕ್ಕೆ ಚಾರ್ಟ್ ಬೇಕಾದವರು ಅದನ್ನೇ ಹಿಡಿಯಲಿ.

ಬಣ್ಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡಬ್ಬಿಗೆ ಕಡುಗೆಂಪು, ಕಡ್ಡಿಗೆ ಅದಕ್ಕಿಂತ ತಿಳಿ, ಗುಂಟೂರಿಗೆ ಬೂದು. ಆದರೆ ಗೋಡೆಗೆ ಹೋಗುವುದು ಕಪ್ಪುಬಿಳುಪು ಝೆರಾಕ್ಸ್. ಅದರಲ್ಲಿ ಎರಡು ಕೆಂಪೂ ಒಂದೇ ಥರ ಕಾಣುತ್ತವೆ. 'ಹ್ಯಾಚ್' ಆಯ್ಕೆಯಲ್ಲಿ ಓರೆ ಗೀರು ಅಥವಾ ಚುಕ್ಕೆ ಕೊಟ್ಟರೆ ಕಂಬಗಳು ಬೇರೆ ಬೇರೆ ಅಂತ ಗುರುತು ಸಿಗುತ್ತದೆ. ಗೀರಿನ ಬಣ್ಣ ಕಂಬದ ಅಂಚಿನ ಬಣ್ಣದಿಂದ ಬರುತ್ತದೆ, ಹಾಗಾಗಿ 'ಎಡ್ಜ್‌ಕಲರ್' ಕೊಡುವುದನ್ನು ಬಿಡಬೇಡಿ. ಗೋಡೆಯ ಪ್ರತಿಗೆ ಕಂಬ ಬಿಳಿ, ಗೀರು ಮತ್ತು ಅಂಕಿ ಕಪ್ಪು. ಗೀರಿನ ಮೇಲೆ ಅಂಕಿ ಓದಲು ಬರಲಿ ಅಂತ ಅದರ ಹಿಂದೆ ಒಂದು ಬಿಳಿ ಪಟ್ಟಿ.

ಗೋವಿನಜೋಳಕ್ಕೆ ಬೇರೆ ನಮೂನೆ ಬೇಕಾಯಿತು. ಅಲ್ಲಿ ಹೋಲಿಸುವುದು ಪೇಟೆ ಪೇಟೆಗಳನ್ನು: ರಾಣೆಬೆನ್ನೂರು, ಹಾವೇರಿ, ಗದಗ, ಲಕ್ಷ್ಮೇಶ್ವರ, ಹುಬ್ಬಳ್ಳಿ. ಉದ್ದ ಹೆಸರುಗಳು ಕೆಳಗೆ ಒಂದಕ್ಕೊಂದು ತಾಗುತ್ತವೆ. ಓರೆಯಾಗಿ ಬರೆಸಬಹುದು, ಆದರೆ ಕತ್ತು ವಾಲಿಸಿ ಓದುವ ಕಷ್ಟ ಯಾರಿಗೂ ಬೇಡ. 'ಬಾರ್-ಎಚ್' ಬಳಸಿ ಕಂಬಗಳನ್ನು ಮಲಗಿಸಿದೆ, ಹೆಸರು ಎಡಗಡೆ ಪೂರ್ತಿ ಹಿಡಿಸಿತು. ಅದು ಮೊದಲ ಹೆಸರನ್ನು ಕೆಳಗೆ ಇಡುತ್ತದೆ. ದರದ ಪ್ರಕಾರ ಇಳಿಕೆ ಕ್ರಮದಲ್ಲಿ ಹೊಂದಿಸಿ, 'ಇನ್ವರ್ಟ್ ವೈ-ಆಕ್ಸಿಸ್' ಕೊಟ್ಟರೆ ದೊಡ್ಡ ದರದ ಪೇಟೆ ಮೇಲೆ ಬರುತ್ತದೆ.

ಗೋವಿನಜೋಳದಲ್ಲೇ ಇನ್ನೊಂದು ಒತ್ತಾಯ ಬಂತು. ಪೇಟೆಗಳ ನಡುವೆ ವ್ಯತ್ಯಾಸ ಕಡಿಮೆ, ಕಂಬಗಳೆಲ್ಲ ಒಂದೇ ಉದ್ದ ಕಾಣುತ್ತವೆ, ಅಳತೆಯನ್ನು 2,000ದಿಂದ ಶುರುಮಾಡು ಅಂತ. ಇದಕ್ಕೆ ನಾನು ಬಿಲ್ಕುಲ್ ಒಪ್ಪುವುದಿಲ್ಲ. ಒಂದು ಪೇಟೆಯಲ್ಲಿ 2,100, ಇನ್ನೊಂದರಲ್ಲಿ 2,200 ಇದ್ದಾಗ 2,000ದಿಂದ ಶುರುಮಾಡಿದರೆ ಎರಡನೇ ಕಂಬ ಮೊದಲನೆಯದರ ಎರಡರಷ್ಟು ಉದ್ದ ಆಗುತ್ತದೆ. ಅದನ್ನು ನೋಡಿ ಯಾರಾದರೂ ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ದೂರದ ಪೇಟೆಗೆ ಮಾಲು ಒಯ್ದರೆ ಆ ನೂರು ರೂಪಾಯಿ ದಾರಿಯಲ್ಲೇ ಕರಗಬಹುದು. ಬಾರ್ ಚಾರ್ಟ್‌ನಲ್ಲಿ ಉದ್ದವೇ ಮಾತು, ಅದು ಸೊನ್ನೆಯಿಂದಲೇ ಶುರುವಾಗಬೇಕು. ಸಣ್ಣ ವ್ಯತ್ಯಾಸವೇ ತೋರಿಸಬೇಕು ಅಂದಾಗ ಕಂಬ ಬಿಟ್ಟು ಚುಕ್ಕೆ ಇಡುತ್ತೇನೆ. ಚುಕ್ಕೆಗೆ ಉದ್ದ ಇಲ್ಲ, ಅಳತೆ ಎಲ್ಲಿಂದ ಶುರುವಾದರೂ ಅದು ಮೋಸ ಮಾಡುವುದಿಲ್ಲ.

ಇದೆಲ್ಲ ಒಂದು ಹದಕ್ಕೆ ಬಂದ ಮೇಲೆ ಫಾಂಟ್, ಗಾತ್ರ, ಚೌಕಟ್ಟು, ಎಸ್‌ವಿಜಿ ಸೆಟ್ಟಿಂಗ್ ಎಲ್ಲವನ್ನೂ ಒಂದು ಸ್ಟೈಲ್ ಕಡತಕ್ಕೆ ಹಾಕಿದೆ. ಚಾರ್ಟ್ ಬಿಡಿಸುವುದನ್ನು ಒಂದೇ ಫಂಕ್ಷನ್ ಮಾಡಿದೆ. ಗದಗದಲ್ಲಿ ಇದೇ ಥರದ ಕೆಲಸ ಮಾಡುವ ಗೆಳತಿಯೊಬ್ಬರು ಅದನ್ನು ಹೆಸರುಕಾಳು ಮತ್ತು ಉಳ್ಳಾಗಡ್ಡಿ ದರಕ್ಕೆ ಬಳಸುತ್ತಾರೆ. ಅವರಿಗಾಗಿ ಏನು ಬದಲಾಯಿಸಲು ಬಿಡಬೇಕು, ಏನು ಬಿಡಬಾರದು ಅಂತ ಬಹಳ ಯೋಚಿಸಿದೆ. ತಲೆಬರಹ, ಬಣ್ಣ, ನಿಂತ ಕಂಬವೋ ಮಲಗಿದ ಕಂಬವೋ, ಬಣ್ಣದ ಪ್ರತಿಯೋ ಝೆರಾಕ್ಸ್ ಪ್ರತಿಯೋ, ಇವು ಅವರ ಇಷ್ಟ. ಉಳಿದ ಆಯ್ಕೆಗಳನ್ನು ಕೊಟ್ಟರೆ ಫಂಕ್ಷನ್ ಅವನ್ನು ಹಾಗೇ 'ಬಾರ್'ಗೆ ದಾಟಿಸುತ್ತದೆ. ಕೊನೆಗೆ ಚಿತ್ರದ ಚೌಕವನ್ನು ವಾಪಸ್ ಕೊಡುತ್ತದೆ, ಬೇಕಾದವರು ಮೇಲೆ ಇನ್ನೇನಾದರೂ ಬರೆದುಕೊಳ್ಳಬಹುದು. ಸೊನ್ನೆಯಿಂದ ಶುರು ಅನ್ನುವುದಕ್ಕೆ ಮಾತ್ರ ಆಯ್ಕೆಯನ್ನೇ ಇಟ್ಟಿಲ್ಲ. ದಿನಾಂಕ ಕೊಡದಿದ್ದರೆ ಫಂಕ್ಷನ್ ಓಡುವುದೇ ಇಲ್ಲ, ಯಾಕೆಂದರೆ ವಾಟ್ಸ್‌ಆ್ಯಪ್‌ನಲ್ಲಿ ಹಳೆಯ ದರದ ಚಿತ್ರ ತಿಂಗಳುಗಟ್ಟಲೆ ಸುತ್ತುತ್ತಿರುತ್ತದೆ.

ಈಗ ಆವಕ ಮತ್ತು ದರ ಎರಡನ್ನೂ ಒಂದೇ ಚಿತ್ರದಲ್ಲಿ ಕೊಡಿ ಅಂತ ಸದಸ್ಯರು ಕೇಳುತ್ತಿದ್ದಾರೆ. ಎಡಕ್ಕೊಂದು ಬಲಕ್ಕೊಂದು ಅಳತೆ ಇಟ್ಟು ಎರಡನ್ನೂ ಒಂದರ ಮೇಲೊಂದು ಬಿಡಿಸುವ ಅನುಕೂಲ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿದೆ. ಆದರೆ ಯಾವ ಕಂಬ ಯಾವ ಅಳತೆಗೆ ಅನ್ನುವುದು ಫೋನ್‌ನಲ್ಲಿ ನೋಡುವವರಿಗೆ ತಿಳಿಯುವುದಿಲ್ಲ. ಅದಕ್ಕೆ ಮೇಲೆ ದರ, ಕೆಳಗೆ ಆವಕ ಅಂತ ಎರಡು ಚೌಕ ಮಾಡಿ, 'ಶೇರ್-ಎಕ್ಸ್' ಕೊಟ್ಟು ಎರಡಕ್ಕೂ ಒಂದೇ ದಿನಾಂಕದ ಸಾಲು ಇಟ್ಟಿದ್ದೇನೆ. ಆವಕ ಏರಿದ ದಿನ ದರ ಏನಾಯಿತು ಅಂತ ಕಣ್ಣು ನೇರ ಮೇಲಿಂದ ಕೆಳಗೆ ಇಳಿಸಿದರೆ ಸಾಕು. ಈ ನಮೂನೆಯನ್ನು ಇದೇ ಹಂಗಾಮಿನಿಂದ ಗುಂಪಿಗೆ ಹಾಕಲು ಶುರುಮಾಡಿದ್ದೇನೆ.