ನಿಂತ ಪ್ರೋಸೆಸ್ಸನ್ನು ಸತ್ತಿತೆಂದು ಬಗೆದಾಗ

ನೆಟ್‌ವರ್ಕ್‌ನಲ್ಲಿ ಒಟ್ಟಾಗಿ ಕೆಲಸ ಮಾಡುವ ಪ್ರೋಸೆಸ್‌ಗಳಲ್ಲಿ, ಅಂದರೆ ಓಡುತ್ತಿರುವ ಪ್ರೋಗ್ರಾಂಗಳಲ್ಲಿ, ಯಾವುದು ಸತ್ತಿದೆ ಎಂದು ಪತ್ತೆಹಚ್ಚಲು ನಾನು ಮೊದಲು ಬರೆದ ನಿಯಮ ಸರಳವಾಗಿತ್ತು. ಪ್ರತಿ ಪ್ರೋಸೆಸ್ ಸೆಕೆಂಡಿಗೊಮ್ಮೆ, ತಾನು ಬದುಕಿದ್ದೇನೆಂದು ತಿಳಿಸುವ ಪುಟ್ಟ ಸಂದೇಶವಾದ ಹಾರ್ಟ್‌ಬೀಟ್ ಕಳುಹಿಸಬೇಕು; 5 ಸೆಕೆಂಡ್ ಸುದ್ದಿಯಿಲ್ಲದಿದ್ದರೆ ಅದು ಸತ್ತಿದೆ ಎಂದು ಬಗೆದು ಅದರ ಕೆಲಸವನ್ನು ಇನ್ನೊಂದಕ್ಕೆ ವಹಿಸಬೇಕು. ಪರೀಕ್ಷೆಯಲ್ಲಿ ಕೊಂದ ಪ್ರೋಸೆಸ್ಸನ್ನೆಲ್ಲ ಇದು ತಪ್ಪದೆ ಹಿಡಿಯಿತು.

ನಿಜವಾದ ಹೊರೆ ಬಿದ್ದ ಮೇಲೆ ಒಂದು ರಾತ್ರಿ, ದಾಖಲೆಗೆ ಬರೆಯುವ ಹಕ್ಕಿರುವ ಲೀಡರ್ ಪ್ರೋಸೆಸ್, ಬಳಸದ ಮೆಮೊರಿಯನ್ನು ತೆರವು ಮಾಡುವ ಗಾರ್ಬೇಜ್ ಕಲೆಕ್ಷನ್‌ನಲ್ಲಿ ಸಿಲುಕಿ 7 ಸೆಕೆಂಡ್ ಸ್ತಬ್ಧವಾಯಿತು. ಹೊಸ ಲೀಡರ್ ಆಯ್ಕೆಯಾಯಿತು. ಹಳೆಯದಕ್ಕೆ ತಾನು ನಿಂತಿದ್ದೇ ತಿಳಿಯದು. ಎಚ್ಚೆತ್ತು, ಅರ್ಧಕ್ಕೆ ಬಿಟ್ಟ ಸಾಲಿನಿಂದಲೇ ಬರೆಯತೊಡಗಿತು. ಒಂದೇ ದಾಖಲೆಗೆ ಇಬ್ಬರು ಒಡೆಯರು. ಕೆಟ್ಟ ದತ್ತಾಂಶವನ್ನು ಸರಿಪಡಿಸುತ್ತ ಕಳೆದ ಆ ದಿನಗಳು ನನಗೆ ಇನ್ನೂ ನೆನಪಿವೆ.

ಕಾಲಮಿತಿಯನ್ನು 30 ಸೆಕೆಂಡಿಗೆ ಏರಿಸಿದೆ. ಆಗ ನಿಜವಾಗಿ ಸತ್ತದ್ದನ್ನು ಅರಿಯಲೂ ಅರ್ಧ ನಿಮಿಷ ಹಿಡಿಯಿತು. ಸರಿಯಾದ ಅಂಕಿಯನ್ನು ಹುಡುಕುವುದೇ ತಪ್ಪು ದಾರಿಯಾಗಿತ್ತು. ಸಂದೇಶ ತಲುಪಲು ಇಷ್ಟೇ ಹೊತ್ತು ಎಂಬ ಮಿತಿ ಇಲ್ಲದ ಕಡೆ, ನಿಧಾನವಾದದ್ದನ್ನೂ ಸತ್ತದ್ದನ್ನೂ ಹೊರಗಿನಿಂದ ಖಚಿತವಾಗಿ ಬೇರ್ಪಡಿಸಲಾಗದು. 1996ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ಚಂದ್ರ ಮತ್ತು ಟೂಎಗ್ ತೋರಿಸಿದ್ದು ನನಗೆ ಧೈರ್ಯ ಕೊಟ್ಟಿತು: ಆಗಾಗ ತಪ್ಪುವ ಪತ್ತೆಗಾರವನ್ನು ಇಟ್ಟುಕೊಂಡೂ ಒಮ್ಮತ ಸಾಧಿಸಬಹುದು, ಅದರ ತಪ್ಪುಗಳಿಗೆ ಕೆಲವು ಮಿತಿಗಳಿದ್ದರೆ ಸಾಕು.

ಹಾಗಾಗಿ ಸಂಶಯಪಡುವುದನ್ನೂ ಕ್ರಮ ಕೈಗೊಳ್ಳುವುದನ್ನೂ ಬೇರೆ ಮಾಡಿದೆ. ಸಂಶಯಕ್ಕೆ ಫೈ ವಿಧಾನವನ್ನು ತಂದೆ. ಹಿಂದಿನ ಹಾರ್ಟ್‌ಬೀಟ್‌ಗಳ ನಡುವಿನ ಅಂತರಗಳನ್ನು ನೋಡಿ, ಈಗಿನ ಮೌನ ಎಷ್ಟು ಅಸಹಜ ಎಂಬುದನ್ನು ಅದು ಫೈ ಎಂಬ ಒಂದು ಸಂಖ್ಯೆಯಾಗಿ ಹೇಳುತ್ತದೆ. ಫೈ 8 ಎಂದರೆ, ಹಾರ್ಟ್‌ಬೀಟ್ ಇನ್ನೂ ಬರುವ ಸಂಭವ ಸುಮಾರು 10 ಕೋಟಿಗೆ 1. ನೆಟ್‌ವರ್ಕ್ ಹಿಂದಿನಂತೆಯೇ ನಡೆದುಕೊಂಡರೆ ಮಾತ್ರ ಈ ಲೆಕ್ಕ ನಿಜ, ಅದನ್ನು ಮರೆಯಬಾರದು. ಫೈ 3 ದಾಟಿದರೆ ಹೊಸ ಕೆಲಸ ಕೊಡುವುದಿಲ್ಲ. 8 ದಾಟಿದರೆ ಬೇರೆ ಲೀಡರ್.

ನಮ್ಮನ್ನು ನಿಜವಾಗಿ ಕಾಪಾಡಿದ್ದು ಫೆನ್ಸಿಂಗ್ ಟೋಕನ್. ಪ್ರತಿ ಹೊಸ ಲೀಡರ್‌ಗೆ ಹಿಂದಿನದಕ್ಕಿಂತ ದೊಡ್ಡ ಸಂಖ್ಯೆ ಸಿಗುತ್ತದೆ. ಅದಕ್ಕಿಂತ ಚಿಕ್ಕ ಸಂಖ್ಯೆ ಹೊತ್ತು ಬಂದ ಬರಹವನ್ನು ಸಂಗ್ರಹಣಾ ಪದರವೇ ನಿರಾಕರಿಸುತ್ತದೆ. ಪತ್ತೆಗಾರ ತಪ್ಪಿದರೂ ದತ್ತಾಂಶ ಕೆಡುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ತೊಂದರೆಯೂ ಬಂತು. ಹಾರ್ಟ್‌ಬೀಟ್ ಕಳುಹಿಸುವ ಥ್ರೆಡ್ (ಪ್ರೋಸೆಸ್ಸಿನೊಳಗೆ ಪ್ರತ್ಯೇಕವಾಗಿ ಓಡುವ ಕೆಲಸದ ಎಳೆ) ಚೆನ್ನಾಗಿಯೇ ಓಡುತ್ತಿತ್ತು, ಕೆಲಸ ಮಾಡುವ ಥ್ರೆಡ್ ಮಾತ್ರ, ಒಮ್ಮೆಗೆ ಒಂದೇ ಥ್ರೆಡ್‌ಗೆ ಸಿಗುವ ಲಾಕ್‌ಗಾಗಿ ಕಾಯುತ್ತ ಕೂತಿತ್ತು. ಈಗ ಹಾರ್ಟ್‌ಬೀಟ್ ಜೊತೆಗೆ ಕೊನೆಯದಾಗಿ ಮುಗಿದ ಕೆಲಸದ ಸಂಖ್ಯೆಯೂ ಬರುತ್ತದೆ. ಸರದಿಯಲ್ಲಿ ಕೆಲಸವಿದ್ದೂ ಆ ಸಂಖ್ಯೆ ಕದಲದಿದ್ದರೆ ಸಂಶಯ ಶುರು.

ಪರೀಕ್ಷೆಯಲ್ಲಿ ಈಗ ಕೊಲ್ಲುವುದರ ಜೊತೆಗೆ ಸಿಗ್‌ಸ್ಟಾಪ್ ಕೊಟ್ಟು ಲೀಡರನ್ನು ನಿಲ್ಲಿಸಿ, 20 ಸೆಕೆಂಡ್ ಬಿಟ್ಟು ಅದನ್ನು ಮತ್ತೆ ಓಡಿಸುವ ಸಿಗ್‌ಕಾಂಟ್ ಕೊಡುತ್ತೇನೆ. ಎದ್ದ ಹಳೆಯ ಲೀಡರ್‌ನ ಮೊದಲ ಬರಹ ತಿರಸ್ಕೃತವಾಗುವುದನ್ನು ಲಾಗ್‌ನಲ್ಲಿ ಕಣ್ಣಾರೆ ನೋಡಿದ ಮೇಲೆಯೇ ಹೊಸ ಆವೃತ್ತಿಯನ್ನು ಬಿಡುಗಡೆ ಮಾಡುತ್ತೇನೆ.